ಕಪಾಟಿನಡಿಯ ದೀಪ: ಅಡುಗೆಕಟ್ಟೆಯ ಮೇಲಿನ ನೆರಳನ್ನು ಓಡಿಸುವುದು ಹೇಗೆ?

ಸಂಜೆ ಏಳು ಗಂಟೆ. ಅಡುಗೆಮನೆಯ ದೀಪ ಉರಿಯುತ್ತಿದೆ. ನೀವು ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದೀರಿ. ಒಂದು ಕ್ಷಣ ಕೈ ನಿಲ್ಲಿಸಿ ಹೆಚ್ಚುವ ಮಣೆಯನ್ನು ಗಮನಿಸಿ. ಅದರ ಮೇಲೆ ನಿಮ್ಮದೇ ತಲೆ ಮತ್ತು ಭುಜದ ನೆರಳು ಬಿದ್ದಿರುತ್ತದೆ. ಮನೆಯಲ್ಲಿ ಅತ್ಯಂತ ಹರಿತವಾದ ವಸ್ತುವನ್ನು ನಾವು ದಿನವೂ ಬಳಸುವುದು ಆ ನೆರಳಿನಲ್ಲೇ.

"ದೀಪ ಸಾಲದು, ಹೆಚ್ಚು ವ್ಯಾಟಿನ ಬಲ್ಬು ಹಾಕೋಣ" ಎಂದು ಹಲವರು ಯೋಚಿಸುತ್ತಾರೆ. ದೊಡ್ಡ ಬಲ್ಬು ಬಂದರೆ ಕೋಣೆಯೇನೋ ಬೆಳಗುತ್ತದೆ, ಆದರೆ ಮಣೆಯ ಮೇಲಿನ ನೆರಳು ಇದ್ದಲ್ಲೇ ಇರುತ್ತದೆ. ಏಕೆಂದರೆ ಇಲ್ಲಿನ ತೊಂದರೆ ಬೆಳಕಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದು ಬರುವ ದಿಕ್ಕಿನದು. ದೀಪವನ್ನು ನಿಮ್ಮ ಬೆನ್ನ ಹಿಂದಿನಿಂದ ನಿಮ್ಮ ಮುಂದಕ್ಕೆ ತಂದರೆ, ಸಣ್ಣ ದೀಪವೂ ದೊಡ್ಡ ಕೆಲಸ ಮಾಡುತ್ತದೆ. ಕಟ್ಟೆಯ ಮೇಲಿನ ಗೋಡೆ ಕಪಾಟುಗಳ ತಳಕ್ಕೆ ಎಲ್‌ಇಡಿ ದೀಪ ಅಳವಡಿಸುವುದರ ಹಿಂದಿನ ತರ್ಕ ಇಷ್ಟೇ. ಆದರೆ ನೀರು, ಎಣ್ಣೆ, ಗ್ಯಾಸ್ ಮತ್ತು ವಿದ್ಯುತ್ತು ನಾಲ್ಕೂ ಒಟ್ಟಿಗಿರುವ ಜಾಗ ಅಡುಗೆಮನೆ. ಹಾಗಾಗಿ ಈ ಪುಟ್ಟ ಕೆಲಸವನ್ನು ತಿಳಿದು ಮಾಡಬೇಕು.

ನೆರಳು ಬೀಳುವುದೇಕೆ?

ಹೆಚ್ಚಿನ ಮನೆಗಳಲ್ಲಿ ಅಡುಗೆಮನೆಯ ದೀಪ ಇರುವುದು ಚಾವಣಿಯ ನಡುವೆ ಅಥವಾ ಬಾಗಿಲ ಮೇಲಿನ ಗೋಡೆಯಲ್ಲಿ. ಕಟ್ಟೆ ಇರುವುದು ಇನ್ನೊಂದು ಗೋಡೆಗೆ ತಾಗಿ. ನಡುವೆ ನಿಲ್ಲುವವರು ನೀವು. ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ನಿಮ್ಮ ದೇಹ ಅದಕ್ಕೆ ಅಡ್ಡವಾಗುತ್ತದೆ. ಮೇಲಿನ ಕಪಾಟೂ ತನ್ನ ಪಾಲಿನ ನೆರಳನ್ನು ಕಟ್ಟೆಯ ಹಿಂಭಾಗಕ್ಕೆ ಚೆಲ್ಲುತ್ತದೆ.

ಹಳೆಯ ಹೆಂಚಿನ ಮನೆಗಳಲ್ಲಿ ಒಲೆಯ ಮೇಲ್ಭಾಗದ ಸೂರಿಗೆ ಒಂದೆರಡು ಗಾಜಿನ ಹೆಂಚು ಕೂರಿಸುತ್ತಿದ್ದುದು ನೆನಪಿದೆಯೇ? ಹಗಲಿನ ಬೆಳಕು ಕೆಲಸದ ಜಾಗದ ಮೇಲೆಯೇ ಇಳಿಯಲಿ ಎಂಬುದು ಅದರ ಉದ್ದೇಶ. ಇಂದಿನ ಮಾಡ್ಯುಲರ್ ಅಡುಗೆಮನೆಯಲ್ಲಿ ಆ ಜಾಗಕ್ಕೆ ಕಪಾಟು ಬಂದಿದೆ. ಆದ್ದರಿಂದ ಕಪಾಟಿನ ಕೆಳಗೇ ಬೆಳಕಿನ ವ್ಯವಸ್ಥೆ ಆಗಬೇಕಿದೆ.

ಇದರಲ್ಲಿ ದೂರದ ಪಾತ್ರವೂ ಇದೆ. ಒಂದು ಬಿಂದುವಿನಂಥ ದೀಪದಿಂದ ಬರುವ ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಾಗುತ್ತದೆ. ಚಾವಣಿ 2.75 ಮೀಟರ್ ಎತ್ತರದಲ್ಲೂ ಕಟ್ಟೆ 85 ಸೆಂಟಿಮೀಟರ್ ಎತ್ತರದಲ್ಲೂ ಇದ್ದರೆ ಇವೆರಡರ ಅಂತರ 1.9 ಮೀಟರ್. ಕಪಾಟಿನ ತಳದಿಂದ ಕಟ್ಟೆಗಿರುವ ಅಂತರ ಸಾಮಾನ್ಯವಾಗಿ 60 ಸೆಂಟಿಮೀಟರ್, ಅಂದರೆ ಎರಡು ಅಡಿ. ಒಂದೇ ಬಗೆಯ ಪುಟ್ಟ ದೀಪವನ್ನು ಎರಡೂ ಕಡೆ ಇಟ್ಟು ನೋಡಿದರೆ, ಕಪಾಟಿನಡಿಯ ದೀಪ ತನ್ನ ನೇರ ಕೆಳಗೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಉದ್ದನೆಯ ಪಟ್ಟಿ ದೀಪಕ್ಕೆ ಈ ಲೆಕ್ಕ ಹಾಗೆಯೇ ಹೊಂದುವುದಿಲ್ಲ, ವ್ಯತ್ಯಾಸ ಸ್ವಲ್ಪ ತಗ್ಗುತ್ತದೆ. ಆದರೂ ಹತ್ತಿರದ ದೀಪದ ಲಾಭ ದೊಡ್ಡದೇ.

ಎಷ್ಟು ಬೆಳಕು ಬೇಕು?

ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ ಲೂಮೆನ್. ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಲೂಮೆನ್ ಬೀಳುತ್ತದೆ ಎಂಬ ಅಳತೆಗೆ ಲಕ್ಸ್ ಎನ್ನುತ್ತಾರೆ. ಹೆಚ್ಚುವುದು, ಆರಿಸುವುದು ಮುಂತಾದ ಕೆಲಸಗಳು ನಡೆಯುವ ಕಟ್ಟೆಯ ಮೇಲೆ 300ರಿಂದ 500 ಲಕ್ಸ್ ಇದ್ದರೆ ಸಾಕು ಎಂಬುದು ಬೆಳಕಿನ ವಿನ್ಯಾಸಕಾರರು ಬಳಸುವ ಸಾಮಾನ್ಯ ಅಂದಾಜು.

ಒಂದು ಉದಾಹರಣೆ ನೋಡೋಣ. ಕಟ್ಟೆಯ ಉದ್ದ 2.4 ಮೀಟರ್ (ಎಂಟು ಅಡಿ), ಅಗಲ 60 ಸೆಂಟಿಮೀಟರ್. ವಿಸ್ತೀರ್ಣ 1.44 ಚದರ ಮೀಟರ್. ಮೀಟರಿಗೆ 10 ವ್ಯಾಟಿನ ಎಲ್‌ಇಡಿ ಪಟ್ಟಿಯನ್ನು ಪೂರ್ತಿ ಉದ್ದಕ್ಕೆ ಹಾಕಿದರೆ 24 ವ್ಯಾಟ್. ವ್ಯಾಟಿಗೆ 90 ಲೂಮೆನ್ ಎಂದಿಟ್ಟುಕೊಂಡರೆ ಒಟ್ಟು 2160 ಲೂಮೆನ್. ಹಾಲುಬಣ್ಣದ ಮುಚ್ಚಳ ಅದರಲ್ಲಿ ಕಾಲುಭಾಗ ನುಂಗಿದರೆ ಉಳಿಯುವುದು 1620. ಅದರಲ್ಲಿ ಅರ್ಧ ಮಾತ್ರ ಕಟ್ಟೆಯ ಮೇಲೆ ಬಿದ್ದು, ಉಳಿದದ್ದು ಗೋಡೆಗೂ ನೆಲಕ್ಕೂ ಹೋಯಿತೆಂದರೆ 810 ಲೂಮೆನ್. ಇದನ್ನು 1.44ರಿಂದ ಭಾಗಿಸಿದರೆ ಸುಮಾರು 560 ಲಕ್ಸ್. ಅಂದರೆ ಮೀಟರಿಗೆ 8ರಿಂದ 10 ವ್ಯಾಟಿನ ಪಟ್ಟಿ ಹೆಚ್ಚಿನ ಮನೆಗಳಿಗೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಕಣ್ಣು ಕೋರೈಸುವುದೇ ಲಾಭ!

ಮನೆಯಲ್ಲಿ ಹಿರಿಯರು ಅಡುಗೆ ಮಾಡುತ್ತಾರೆಯೇ? ಹಾಗಿದ್ದರೆ ಬೆಳಕಿನ ಅಗತ್ಯ ಇನ್ನೂ ಹೆಚ್ಚು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 60ರ ವಯಸ್ಸಿನಲ್ಲಿ ಅಕ್ಷಿಪಟಲವನ್ನು ತಲುಪುವ ಬೆಳಕು 20ರ ವಯಸ್ಸಿನಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಅಕ್ಕಿಯಲ್ಲಿ ಕಲ್ಲು, ರವೆಯಲ್ಲಿ ಹುಳು, ಸೊಪ್ಪಿನಲ್ಲಿ ಕೂದಲು ಕಾಣಿಸದೇ ಹೋಗುವುದಕ್ಕೆ ಅಜಾಗರೂಕತೆಯೇ ಕಾರಣ ಆಗಿರಬೇಕಿಲ್ಲ. ಹಾಗಾಗಿ ಅಂಥ ಮನೆಗಳಲ್ಲಿ ಮೀಟರಿಗೆ 10 ವ್ಯಾಟಿನ ಪಟ್ಟಿಯನ್ನೇ ಆರಿಸಿ, ಮಂದಗೊಳಿಸುವ ಡಿಮ್ಮರ್ ಇಟ್ಟುಕೊಳ್ಳುವುದು ಒಳ್ಳೆಯದು.

ಯಾವ ಬಗೆಯ ದೀಪ?

ಮಾರುಕಟ್ಟೆಯಲ್ಲಿ ಸಿಗುವ ದೀಪಗಳನ್ನು ನಾಲ್ಕು ಗುಂಪು ಮಾಡಬಹುದು.

ಚಾರ್ಜ್ ಮಾಡುವ ಕಡ್ಡಿ ದೀಪ: ಆಯಸ್ಕಾಂತ ಅಥವಾ ಅಂಟಿನಿಂದ ನಿಲ್ಲುತ್ತದೆ. ವೈರಿಂಗ್ ಬೇಡ, ಗೋಡೆ ಕೊರೆಯಬೇಕಿಲ್ಲ. ಬಾಡಿಗೆ ಮನೆಯವರಿಗೆ ಅನುಕೂಲ. ಆದರೆ ಬೆಳಕು ಕಡಿಮೆ, ಆಗಾಗ ಚಾರ್ಜ್ ಮಾಡಬೇಕು.

ಬ್ಯಾಟನ್ ದೀಪ: ತೆಳುವಾದ ಎಲ್‌ಇಡಿ ಟ್ಯೂಬ್. ಒಂದು, ಎರಡು, ನಾಲ್ಕು ಅಡಿಗಳ ಉದ್ದದಲ್ಲಿ ಸಿಗುತ್ತದೆ. 230 ವೋಲ್ಟಿನ ಮನೆ ವಿದ್ಯುತ್ತಿಗೆ ನೇರ ಜೋಡಣೆ. ಪೂರ್ತಿ ಮುಚ್ಚಿದ ಕವಚ ಇರುವುದರಿಂದ ಒರೆಸಲು ಸುಲಭ.

ಪಟ್ಟಿ ದೀಪ: ಸುರುಳಿಯಾಗಿ ಬರುವ ಎಲ್‌ಇಡಿ ಸ್ಟ್ರಿಪ್. 12 ಅಥವಾ 24 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ವಿದ್ಯುತ್ ಒದಗಿಸಲು ಡ್ರೈವರ್ ಎಂಬ ಪೆಟ್ಟಿಗೆ ಬೇಕು. ಕಟ್ಟೆಯುದ್ದಕ್ಕೂ ಒಂದೇ ಸಮನಾದ ಬೆಳಕು ಇದರ ಹೆಚ್ಚುಗಾರಿಕೆ.

ಬಿಲ್ಲೆ ದೀಪ: ಗುಂಡಗಿನ ಚಿಕ್ಕ ದೀಪಗಳು. ನೋಡಲು ಚೆಂದ, ಆದರೆ ಬೆಳಕು ವೃತ್ತ ವೃತ್ತವಾಗಿ ಬಿದ್ದು ನಡುನಡುವೆ ಮಬ್ಬು ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸುರುಳಿಯ ರೂಪದಲ್ಲೇ ಸಿಗುವ, ಡ್ರೈವರ್ ಬೇಡದ, ನೇರ 230 ವೋಲ್ಟಿನಲ್ಲಿ ಉರಿಯುವ ಅಗ್ಗದ ಪಟ್ಟಿಗಳೂ ಇವೆ. ಕೈಗೆ ಎಟುಕದ ಚಾವಣಿಯ ಅಲಂಕಾರಕ್ಕೆ ಅವನ್ನು ಬಳಸುತ್ತಾರೆ. ನೋಡಲು ಎರಡೂ ಒಂದೇ ಥರ. ಆದರೆ ಕತ್ತರಿಸಿದ ತುದಿಯ ಮುಚ್ಚಳ ಕಳಚಿದರೆ, ಒದ್ದೆ ಕೈಗೆ ಸಿಗುವುದು ಮನೆಯ ಪೂರ್ತಿ ವೋಲ್ಟೇಜು. ಅಂಥ ಪಟ್ಟಿ ಅಡುಗೆಕಟ್ಟೆಯ ಹತ್ತಿರ ಬೇಡವೇ ಬೇಡ. ಕೊಳ್ಳುವಾಗ ಸುರುಳಿಯ ಮೇಲೆ ಬರೆದಿರುವ ವೋಲ್ಟೇಜನ್ನು ಓದಿಯೇ ಹಣ ಕೊಡಿ.

ಬಣ್ಣದ ಮಾತು: ಕೆಲ್ವಿನ್ ಮತ್ತು ಸಿಆರ್‌ಐ

ದೀಪದ ಡಬ್ಬಿಯ ಮೇಲೆ 3000, 4000, 6500 ಕೆಲ್ವಿನ್ ಎಂದು ಬರೆದಿರುತ್ತದೆ. ಇದು ಬೆಳಕಿನ ಬಣ್ಣದ ಅಳತೆ. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ಮೊದಲು ಕೆಂಪಾಗಿ, ಬಿಸಿ ಏರಿದಂತೆ ಹಳದಿಯಾಗಿ, ಆಮೇಲೆ ಬಿಳಿಯತ್ತ ತಿರುಗುತ್ತದಲ್ಲ? ಅದೇ ತತ್ತ್ವ. ಸಂಖ್ಯೆ ಕಡಿಮೆ ಇದ್ದರೆ ಬೆಳಕು ಹಳದಿ, ಹೆಚ್ಚಾದಂತೆ ನೀಲಿ ಬೆರೆತ ಬಿಳಿ. ದೀಪವೇನೂ ಅಷ್ಟು ಬಿಸಿಯಾಗಿರುವುದಿಲ್ಲ. ಅಷ್ಟು ಬಿಸಿಯಾದ ವಸ್ತು ಯಾವ ಬಣ್ಣದಲ್ಲಿ ಹೊಳೆಯುತ್ತಿತ್ತೋ ಆ ಬಣ್ಣಕ್ಕೆ ಇದನ್ನು ಹೋಲಿಸಿರುತ್ತಾರೆ. ಅಡುಗೆಕಟ್ಟೆಗೆ 4000 ಕೆಲ್ವಿನ್ ಆಸುಪಾಸಿನ ಬೆಳಕು ಹೊಂದುತ್ತದೆ. ಚಾವಣಿಯ ದೀಪದ ಬಣ್ಣಕ್ಕೂ ಇದಕ್ಕೂ ತೀರಾ ವ್ಯತ್ಯಾಸ ಇದ್ದರೆ ಕಣ್ಣಿಗೆ ಹಿತವಾಗದು.

ಇನ್ನೊಂದು ಸಂಖ್ಯೆ ಸಿಆರ್‌ಐ. ಸೂರ್ಯನ ಬೆಳಕಿನಂಥ ಮಾದರಿ ಬೆಳಕಿನಲ್ಲಿ ವಸ್ತುಗಳ ಬಣ್ಣ ಹೇಗೆ ಕಾಣುತ್ತದೋ ಅದಕ್ಕೆ ಈ ದೀಪ ಎಷ್ಟು ಹತ್ತಿರ ಎಂದು ಹೇಳುವ ಅಂಕ. ಪೂರ್ಣ ಅಂಕ 100. ಬಿಳಿ ಎಲ್‌ಇಡಿಯೊಳಗೆ ಇರುವುದು ಸಾಮಾನ್ಯವಾಗಿ ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲಿನ ಹಳದಿ ಲೇಪನವಾದ ಫಾಸ್ಫರ್ ಒಂದಷ್ಟು ನೀಲಿಯನ್ನು ಬೇರೆ ಬಣ್ಣಗಳಾಗಿ ಬದಲಿಸಿ, ಒಟ್ಟು ಬೆಳಕು ಬಿಳಿಯಾಗಿ ಕಾಣುವಂತೆ ಮಾಡುತ್ತದೆ. (ಈ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ್ದಕ್ಕೇ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ ಮತ್ತು ಶೂಜಿ ನಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು.) ಅಗ್ಗದ ಲೇಪನದಲ್ಲಿ ಕೆಂಪಿನ ಅಂಶ ಕಡಿಮೆ. ಅಂಥ ಬೆಳಕಿನಲ್ಲಿ ಟೊಮೆಟೊ ಮಂಕಾಗಿ ಕಾಣುತ್ತದೆ, ಮಾಂಸ ಹಳತೋ ಹೊಸತೋ ತಿಳಿಯುವುದಿಲ್ಲ. ಅಡುಗೆಮನೆಗೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚಿರುವ ದೀಪ ಉತ್ತಮ. 80ಕ್ಕಿಂತ ಕಡಿಮೆ ಬೇಡ.

ಎಲ್ಲಿ ಅಂಟಿಸಬೇಕು?

ಕಪಾಟಿನ ತಳದಲ್ಲಿ ಗೋಡೆಯ ಕಡೆಗೆ, ಕಾಣದಂತೆ ಅಂಟಿಸುವವರೇ ಹೆಚ್ಚು. ಆಗ ಗೋಡೆಯ ಟೈಲ್ಸ್ ಥಳಥಳಿಸುತ್ತದೆ, ಮಣೆ ಮಾತ್ರ ಮಬ್ಬಾಗಿಯೇ ಉಳಿಯುತ್ತದೆ. ಗೋಡೆ ಕಪಾಟಿನ ಆಳ ಒಂದಡಿಯಷ್ಟು, ಕಟ್ಟೆಯ ಅಗಲ ಎರಡಡಿ. ನಾವು ಹೆಚ್ಚುವುದು ಕಟ್ಟೆಯ ಮುಂಭಾಗದಲ್ಲಿ. ಹಾಗಾಗಿ ದೀಪ ಇರಬೇಕಾದ್ದು ಕಪಾಟಿನ ಮುಂದಿನ ಅಂಚಿಗೆ ಹತ್ತಿರ, ಅಲ್ಲಿರುವ ಪಟ್ಟಿಯ ಮರೆಯಲ್ಲಿ. ಮರೆ ಇಲ್ಲದಿದ್ದರೆ ಕುರ್ಚಿಯಲ್ಲಿ ಕೂತವರ ಕಣ್ಣಿಗೆ ದೀಪ ನೇರವಾಗಿ ಚುಚ್ಚುತ್ತದೆ. ಆಗ ಒಂದೆರಡು ಇಂಚಿನ ಅಡ್ಡಪಟ್ಟಿಯನ್ನು ಬಡಗಿಯಿಂದ ಹಾಕಿಸಿ.

ನಮ್ಮ ಅಡುಗೆಮನೆಗಳಿಗೆ ಇನ್ನೊಂದು ವಿಶೇಷ ತೊಡಕು ಇದೆ: ಹೊಳಪು ಕೊಟ್ಟ ಕಪ್ಪು ಗ್ರಾನೈಟು. ಅದು ಕನ್ನಡಿಯಂತೆ ವರ್ತಿಸುತ್ತದೆ. ಬರಿಯ ಎಲ್‌ಇಡಿ ಪಟ್ಟಿ ಹಾಕಿದರೆ ಅದರ ಒಂದೊಂದು ಚುಕ್ಕಿಯೂ ಕಲ್ಲಿನಲ್ಲಿ ಪ್ರತಿಬಿಂಬಿಸಿ ಕಣ್ಣಿಗೆ ಹೊಡೆಯುತ್ತದೆ. ಪರಿಹಾರ ಎರಡು. ಪಟ್ಟಿಯನ್ನು ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್‌ನಲ್ಲಿ ಕೂರಿಸುವುದು ಒಂದು. 45 ಡಿಗ್ರಿ ಓರೆಯ ಚಾನೆಲ್ ಬಳಸಿ ಬೆಳಕನ್ನು ಸ್ವಲ್ಪ ಗೋಡೆಯತ್ತ ತಿರುಗಿಸುವುದು ಇನ್ನೊಂದು. ತಿಳಿಬಣ್ಣದ ಟೈಲ್ಸ್ ಇದ್ದರೆ ಅದರಿಂದ ಚದುರಿದ ಮೃದು ಬೆಳಕು ಕಟ್ಟೆಗೆ ಮರಳುತ್ತದೆ.

ಗ್ಯಾಸ್ ಒಲೆಯ ನೇರ ಮೇಲ್ಭಾಗದಲ್ಲಿ ಪಟ್ಟಿ ದೀಪ ಹಾಕಬೇಡಿ. ಅಲ್ಲಿನ ಬಿಸಿ, ಕುಕ್ಕರಿನ ಹಬೆ ಮತ್ತು ಒಗ್ಗರಣೆಯ ಎಣ್ಣೆ ಹೊಗೆ ಅಂಟನ್ನೂ ಎಲ್‌ಇಡಿಯನ್ನೂ ಬೇಗ ಹಾಳುಮಾಡುತ್ತವೆ. ಒಲೆಯ ಮೇಲೆ ಚಿಮಣಿ ಇದ್ದರೆ ಸಾಮಾನ್ಯವಾಗಿ ಅದಕ್ಕೆ ಅದರದೇ ದೀಪ ಇರುತ್ತದೆ. ಸಿಂಕಿನ ಮೇಲ್ಭಾಗಕ್ಕೆ ಸಿಲಿಕೋನ್ ಹೊದಿಕೆಯ ಐಪಿ 65 ದರ್ಜೆಯ ಪಟ್ಟಿ ಆರಿಸಿ. ಇಲ್ಲಿ ಮೊದಲ ಅಂಕೆ ದೂಳಿನಿಂದ, ಎರಡನೆಯದು ನೀರಿನಿಂದ ಎಷ್ಟು ರಕ್ಷಣೆ ಇದೆ ಎಂಬುದನ್ನು ತಿಳಿಸುತ್ತದೆ. ಐಪಿ 20 ಎಂದಿದ್ದರೆ ನೀರಿನಿಂದ ರಕ್ಷಣೆಯೇ ಇಲ್ಲ ಎಂದರ್ಥ.

ಡ್ರೈವರಿನ ಲೆಕ್ಕ

ಮನೆಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ಪಟ್ಟಿಗೆ ಬೇಕಾದದ್ದು 12 ಅಥವಾ 24 ವೋಲ್ಟಿನ ನೇರ ವಿದ್ಯುತ್. ಒಂದನ್ನು ಇನ್ನೊಂದಾಗಿ ಬದಲಿಸುವುದೇ ಡ್ರೈವರ್. ಪಟ್ಟಿಯ ಒಟ್ಟು ವ್ಯಾಟಿಗಿಂತ ಕನಿಷ್ಠ ಶೇ. 20ರಷ್ಟು ಹೆಚ್ಚು ಸಾಮರ್ಥ್ಯದ ಡ್ರೈವರ್ ಬೇಕು. ನಮ್ಮ ಉದಾಹರಣೆಯ 24 ವ್ಯಾಟಿಗೆ 30 ವ್ಯಾಟಿನದು ಸರಿ. ಸದಾ ತುದಿಗಾಲಲ್ಲಿ ದುಡಿಯುವ ಡ್ರೈವರ್ ಬಿಸಿಯಾಗಿ ಬೇಗ ಕೆಡುತ್ತದೆ. ಪಟ್ಟಿ ದೀಪ ಕೆಟ್ಟಿತು ಎನ್ನುವಾಗ ಹಲವು ಸಲ ಕೆಟ್ಟಿರುವುದು ಡ್ರೈವರೇ ಆಗಿರುತ್ತದೆ.

12 ವೋಲ್ಟೋ 24 ವೋಲ್ಟೋ? ಒಂದೆರಡು ಮೀಟರಿಗೆ ಯಾವುದಾದರೂ ಸರಿ. ಉದ್ದ ಹೆಚ್ಚಿದ್ದರೆ 24 ವೋಲ್ಟ್ ಮೇಲು. 24 ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 2 ಆಂಪಿಯರ್ ಕರೆಂಟ್ ಬೇಕಾದರೆ, 24 ವೋಲ್ಟಿನಲ್ಲಿ 1 ಆಂಪಿಯರ್ ಸಾಕು. ಕರೆಂಟ್ ಅರ್ಧವಾದರೆ ಪಟ್ಟಿಯ ತೆಳು ತಾಮ್ರದಲ್ಲಿ ಕಳೆದುಹೋಗುವ ವೋಲ್ಟೇಜೂ ಅರ್ಧವಾಗುತ್ತದೆ. 12ರಲ್ಲಿ 1 ವೋಲ್ಟ್ ಹೋದರೆ ನಷ್ಟ ಶೇ. 8ಕ್ಕಿಂತ ಹೆಚ್ಚು. 24ರಲ್ಲಿ ಅರ್ಧ ವೋಲ್ಟ್ ಹೋದರೆ ನಷ್ಟ ಶೇ. 2ರ ಆಸುಪಾಸು. ಪಟ್ಟಿಯ ಆರಂಭ ಪ್ರಖರವಾಗಿದ್ದು ಕೊನೆ ಮಂಕಾಗಿರುವುದಕ್ಕೆ ಈ ನಷ್ಟವೇ ಕಾರಣ.

ಡ್ರೈವರ್ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಅದರ ಜೊತೆಗಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ಮನೆಯ ವಿದ್ಯುತ್ತಿನ ಬದಿ ಮತ್ತು ಪಟ್ಟಿಯ ಬದಿಗಳ ನಡುವೆ ನೇರ ಸಂಪರ್ಕವೇ ಇಲ್ಲದ, ಅಂದರೆ ಐಸೊಲೇಟೆಡ್ ಬಗೆಯ ಡ್ರೈವರನ್ನೇ ಕೇಳಿ. 24 ವೋಲ್ಟಿನ ಪಟ್ಟಿಯನ್ನು ಸುರಕ್ಷಿತ ಎನ್ನುವುದು ಈ ಪ್ರತ್ಯೇಕತೆ ಇದ್ದಾಗ ಮಾತ್ರ.

ಸಿಲಿಂಡರ್ ಇರುವ ಮನೆಯಲ್ಲಿ

ಡ್ರೈವರನ್ನು ಎಲ್ಲಿ ಇಡುವುದು? ಗೋಡೆ ಕಪಾಟಿನ ಮೇಲ್ಭಾಗ ಅಥವಾ ಅದರೊಳಗಿನ ಒಣ ಮೂಲೆ ಸೂಕ್ತ. ಸುತ್ತ ಗಾಳಿಯಾಡಬೇಕು, ಕೈಗೆ ಸಿಗುವಂತಿರಬೇಕು. ಕಟ್ಟೆಯ ಕೆಳಗಿನ ಸಿಂಕ್ ಕಪಾಟು ಬೇಡ, ಅಲ್ಲಿ ನೀರು ಸೋರಬಹುದು. ಗ್ಯಾಸ್ ಸಿಲಿಂಡರ್ ಇಟ್ಟಿರುವ ಕಪಾಟಂತೂ ಖಂಡಿತ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲೇ ಶೇಖರವಾಗುತ್ತದೆ. ಆ ಜಾಗದಲ್ಲಿ ಪ್ಲಗ್ಗು, ಸ್ವಿಚ್ಚು, ಸಡಿಲ ಜೋಡಣೆ ಯಾವುದೂ ಇರಕೂಡದು. ಅಲ್ಲೊಂದು ಕಿಡಿ ಸಾಕು.

ಕೈ ಬೀಸಿದರೆ, ಹತ್ತಿರ ಬಂದರೆ ತಾನೇ ಉರಿಯುವ ಸೆನ್ಸರ್ ದೀಪಗಳು ಈಗ ಜನಪ್ರಿಯ. ಹಿಟ್ಟಿನ ಕೈಯಲ್ಲಿ ಸ್ವಿಚ್ ಮುಟ್ಟಬೇಕಿಲ್ಲ ಎಂಬ ಅನುಕೂಲ ನಿಜ. ಆದರೆ ಗ್ಯಾಸ್ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು ಎಂಬುದು ಮೊದಲ ನಿಯಮ. ಸೆನ್ಸರ್ ದೀಪಕ್ಕೆ ಈ ನಿಯಮ ಗೊತ್ತಿಲ್ಲ. ನೀವು ಒಳಗೆ ಕಾಲಿಟ್ಟ ಕೂಡಲೇ ಅದು ತನ್ನ ಕೆಲಸ ಮಾಡುತ್ತದೆ. ಒಳಗೆ ರಿಲೇ ಇರುವ ಸೆನ್ಸರಿನಲ್ಲಿ ಸ್ವಿಚ್ಚಿನಂತೆಯೇ ಲೋಹದ ತುದಿಗಳು ಕೂಡಿ ಬಿಡುತ್ತವೆ. ಡಬ್ಬಿ ನೋಡಿ ಒಳಗೇನಿದೆ ಎಂದು ತಿಳಿಯುವುದು ಕಷ್ಟ. ಆದ್ದರಿಂದ ಸಿಲಿಂಡರ್ ಬಳಸುವ ಅಡುಗೆಮನೆಗೆ ಕೈಯಿಂದ ಹಾಕುವ ಸಾದಾ ಸ್ವಿಚ್ಚೇ ಲೇಸು.

ವಾಸನೆ ಬಂದರೆ ಮಾಡಬೇಕಾದದ್ದು: ಸಾಧ್ಯವಿದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ಎಲ್‌ಪಿಜಿ ತುರ್ತು ಸಹಾಯವಾಣಿ 1906. ಕರೆಯನ್ನು ಹೊರಗೆ ಬಂದ ಮೇಲೆ ಮಾಡಿ.

ಯಾವ ಕೆಲಸ ನಿಮ್ಮದು, ಯಾವುದು ಎಲೆಕ್ಟ್ರಿಷಿಯನ್ ಕೆಲಸ?

ಗೆರೆ ಸ್ಪಷ್ಟವಾಗಿದೆ. ಡ್ರೈವರಿನಿಂದ ಪಟ್ಟಿಯ ಕಡೆಗಿನ 12 ಅಥವಾ 24 ವೋಲ್ಟಿನ ಕೆಲಸವನ್ನು ಕೈಚಳಕ ಇರುವ ಯಾರೂ ಮಾಡಬಹುದು. ಗೋಡೆಯಿಂದ ಡ್ರೈವರಿನ ಕಡೆಗಿನ 230 ವೋಲ್ಟಿನ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಸೇರಿದ್ದು. ಬ್ಯಾಟನ್ ದೀಪ ಪೂರ್ತಿ 230 ವೋಲ್ಟಿನದು, ಆದ್ದರಿಂದ ಅದರ ಜೋಡಣೆ ಪೂರ್ತಿ ಅವರದೇ.

ಅವರು ಬಂದಾಗ ಎರಡು ವಿಷಯ ಕೇಳಿ. ಒಂದು, ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇದೆಯೇ? ನ್ಯೂಟ್ರಲ್ ಮೇಲೆ ಇದ್ದರೆ ಸ್ವಿಚ್ ಆರಿಸಿದರೂ ಡ್ರೈವರಿನವರೆಗೆ ವಿದ್ಯುತ್ ಇದ್ದೇ ಇರುತ್ತದೆ. ಎರಡು, ಮನೆಯ ಫಲಕದಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ? "ಎಂಸಿಬಿ ಇದೆಯಲ್ಲ" ಎಂದು ಸುಮ್ಮನಾಗಬೇಡಿ. ಎಂಸಿಬಿ ಕಾಯುವುದು ತಂತಿಯನ್ನು. ಅದು ಹಲವು ಆಂಪಿಯರ್ ಹರಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಮನುಷ್ಯನ ಜೀವ ತೆಗೆಯಲು ಅದರ ಒಂದು ಸಣ್ಣ ಪಾಲು ಸಾಕು. ಆರ್‌ಸಿಸಿಬಿ ಮಾತ್ರ ಹೋದ ಕರೆಂಟನ್ನೂ ಮರಳಿ ಬಂದ ಕರೆಂಟನ್ನೂ ಹೋಲಿಸುತ್ತಿರುತ್ತದೆ. ನಡುವೆ ಎಲ್ಲೋ, ಬಹುಶಃ ಒಬ್ಬರ ದೇಹದ ಮೂಲಕ, ಸೋರಿಕೆ ಆದರೆ ಕ್ಷಣದಲ್ಲಿ ಸರಬರಾಜು ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಿ.

ಅಳವಡಿಸುವ ಹಂತಗಳು

1. ಮೊದಲು ಪರೀಕ್ಷೆ. ರಾತ್ರಿ ಚಾವಣಿಯ ದೀಪ ಹಾಕಿ, ಕಟ್ಟೆಯ ಮುಂದೆ ನಿಂತು ನೆರಳು ಎಲ್ಲೆಲ್ಲಿ ಬೀಳುತ್ತದೆ ನೋಡಿ. ಟಾರ್ಚನ್ನು ಕಪಾಟಿನಡಿ ಹಿಂದೆ ಮುಂದೆ ಹಿಡಿದು ಬೆಳಕಿಗೆ ಒಳ್ಳೆಯ ಜಾಗ ಗುರುತಿಸಿ.

2. ಅಳತೆ. ಪ್ರತಿ ಕಪಾಟಿನ ತಳದ ಉದ್ದ ಬರೆದುಕೊಳ್ಳಿ. ಒಲೆಯ ಮೇಲಿನ ಭಾಗ ಬಿಡಿ.

3. ಶುಚಿ. ಬಳಸಿದ ಅಡುಗೆಮನೆಯ ಕಪಾಟಿನ ತಳದಲ್ಲಿ ಕಾಣದ ಎಣ್ಣೆಯ ಪದರ ಇದ್ದೇ ಇರುತ್ತದೆ. ಪಾತ್ರೆ ಸೋಪಿನಿಂದ ಒರೆಸಿ, ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಒಲೆ ಆಗ ಉರಿಯುತ್ತಿರಬಾರದು.

4. ಚಾನೆಲ್. ಬರಿಯ ಅಂಟು ಬೇಸಿಗೆಯಲ್ಲಿ ಕಳಚಿಕೊಳ್ಳುತ್ತದೆ. ಚಾನೆಲ್ಲನ್ನು ಸ್ಕ್ರೂ ಹಾಕಿ ನಿಲ್ಲಿಸಿ. ಕಪಾಟಿನ ತಳ 18 ಮಿಲಿಮೀಟರ್ ಪ್ಲೈವುಡ್ ಆದರೆ ಸ್ಕ್ರೂ 12 ಮಿಲಿಮೀಟರ್ ಇರಲಿ. ಉದ್ದದ್ದಾದರೆ ತುದಿ ಒಳಗಿನ ತಟ್ಟೆ ಸಾಲಿನ ನಡುವೆ ಹೊರಬಂದೀತು.

5. ಕತ್ತರಿಸುವುದು. ಪಟ್ಟಿಯ ಮೇಲೆ ಗುರುತಿಸಿರುವ ಗೆರೆಯಲ್ಲಿ ಮಾತ್ರ ಕತ್ತರಿಸಿ. ಬೇರೆಡೆ ಕತ್ತರಿಸಿದರೆ ಆ ತುಂಡಿನ ದೀಪಗಳು ಉರಿಯುವುದಿಲ್ಲ.

6. ಜೋಡಣೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ತಿರುಗುಮುರುಗಾದರೆ ಪಟ್ಟಿ ಉರಿಯುವುದಿಲ್ಲ. ಕ್ಲಿಪ್ಪಿಗಿಂತ ಬೆಸುಗೆ ಗಟ್ಟಿ, ಹಬೆಯ ಜಾಗದಲ್ಲಿ ಬಾಳಿಕೆಯೂ ಹೆಚ್ಚು.

7. ಅಂಟಿಸುವ ಮೊದಲು ಉರಿಸಿ ನೋಡಿ. ಸುರುಳಿ ಬಿಚ್ಚಿ ಹರಡಿಯೇ ಪರೀಕ್ಷಿಸಿ. ಸುತ್ತಿದ ಸುರುಳಿಯಲ್ಲಿ ಬಿಸಿ ಹೊರಹೋಗಲು ದಾರಿ ಇರುವುದಿಲ್ಲ.

8. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಉರಿಸಿ. ಜೋಡಣೆಯ ಜಾಗಗಳನ್ನು ಕೈಯಿಂದ ಮುಟ್ಟಿ ನೋಡಿ. ಪಟ್ಟಿ ಬೆಚ್ಚಗಿರುವುದು ಸಹಜ. ಒಂದೇ ಒಂದು ಜಾಗ ಮಾತ್ರ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆ ಜೋಡಣೆ ಸಡಿಲವಾಗಿದೆ ಎಂದು ತಿಳಿಯಿರಿ. ಸ್ವಿಚ್ ಆರಿಸಿ ಸರಿಪಡಿಸಿ.

ನಂಬಿಕೆಗಳು ಮತ್ತು ವಾಸ್ತವ

ನಂಬಿಕೆ: ಎಲ್‌ಇಡಿ ಬಿಸಿಯಾಗುವುದೇ ಇಲ್ಲ.
ವಾಸ್ತವ: ಹಳೆಯ ಬುರುಡೆ ಬಲ್ಬಿನಷ್ಟು ಇಲ್ಲ, ಅಷ್ಟೆ. ಎಲ್‌ಇಡಿ ಬಳಸುವ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಶಾಖವಾಗಿಯೇ ಹೋಗುತ್ತದೆ. ಅದು ಬೆಳಕಿನ ಜೊತೆ ಮುಂದಕ್ಕೆ ಬಾರದೆ ಚಿಪ್ಪಿನ ಬೆನ್ನ ಕಡೆ ಸೇರುವುದರಿಂದ ನಮಗೆ ತಿಳಿಯುವುದಿಲ್ಲ. ಅಲ್ಯೂಮಿನಿಯಂ ಚಾನೆಲ್ ಬೇಕಾಗುವುದು ಅಂದಕ್ಕಿಂತ ಹೆಚ್ಚಾಗಿ ಈ ಶಾಖವನ್ನು ಹೊರಹಾಕಲು.

ನಂಬಿಕೆ: 12 ವೋಲ್ಟ್ ತಾನೇ, ಬೆಂಕಿಯ ಭಯವಿಲ್ಲ.
ವಾಸ್ತವ: ಶಾಕ್ ಭಯ ಕಡಿಮೆ ಎಂಬುದು ಸರಿ. ಬೆಂಕಿಯ ವಿಷಯ ಬೇರೆ. ವೋಲ್ಟೇಜ್ ಕಡಿಮೆಯಾದಷ್ಟೂ ಅಷ್ಟೇ ವ್ಯಾಟಿಗೆ ಕರೆಂಟ್ ಹೆಚ್ಚು ಬೇಕು. ತೆಳು ತಂತಿ ಅಥವಾ ಸಡಿಲ ಜೋಡಣೆ ಇದ್ದರೆ ಅಲ್ಲಿ ಬಿಸಿ ಹುಟ್ಟುತ್ತದೆ.

ನಂಬಿಕೆ: ಎಲ್‌ಇಡಿಯ ನೀಲಿ ಬೆಳಕು ಕಣ್ಣು ಕೆಡಿಸುತ್ತದೆ.
ವಾಸ್ತವ: ಮನೆ ಬಳಕೆಯ ಬಿಳಿ ಎಲ್‌ಇಡಿಗಳ ಸಾಮಾನ್ಯ ಬಳಕೆಯಿಂದ ಕಣ್ಣಿಗೆ ಹಾನಿ ಆಗುತ್ತದೆ ಎನ್ನಲು ಆಧಾರವಿಲ್ಲ. ಹಗಲು ಬೆಳಕಿನಲ್ಲಿ ಇದಕ್ಕಿಂತ ಹೆಚ್ಚು ನೀಲಿ ಇರುತ್ತದೆ. ಆದರೆ ಮಲಗುವ ಹೊತ್ತಿನಲ್ಲಿ ಪ್ರಖರವಾದ ನೀಲಿಬಿಳಿ ಬೆಳಕು ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಸ್ರವಿಸುವುದನ್ನು ತಡೆಯುತ್ತದೆ. ರಾತ್ರಿ ನೀರು ಕುಡಿಯಲು ಹೋದಾಗ ಬೆಳಕು ಮಂದವಾಗಿದ್ದರೆ ಒಳ್ಳೆಯದು.

ನಂಬಿಕೆ: ಹಳದಿ ದೀಪಕ್ಕೆ ಹುಳ ಬರುವುದಿಲ್ಲ.
ವಾಸ್ತವ: ಕಡಿಮೆ ಬರುತ್ತವೆ. ಬಹಳಷ್ಟು ಕೀಟಗಳನ್ನು ಹೆಚ್ಚು ಸೆಳೆಯುವುದು ಅತಿನೇರಳೆ ಮತ್ತು ನೀಲಿ ಕಿರಣಗಳು. ಮಳೆಗಾಲದಲ್ಲಿ ಹುಳಗಳ ಕಾಟ ಹೆಚ್ಚಿರುವ ಮನೆಗೆ 3000 ಕೆಲ್ವಿನ್ ಬೆಳಕು ವಾಸಿ. ಪೂರ್ತಿ ಬಾರದಿರಬೇಕಾದರೆ ಕಿಟಕಿಗೆ ಜಾಲರಿಯೇ ದಾರಿ.

ನಂಬಿಕೆ: ಒಂದು ದೀಪ ಹೆಚ್ಚಾದರೆ ಕರೆಂಟ್ ಬಿಲ್ಲೂ ಏರುತ್ತದೆ.
ವಾಸ್ತವ: 24 ವ್ಯಾಟಿನ ಪಟ್ಟಿ ದಿನಕ್ಕೆ 4 ಗಂಟೆ ಉರಿದರೆ ವರ್ಷಕ್ಕೆ ಸುಮಾರು 35 ಯೂನಿಟ್. ಅಂದರೆ ತಿಂಗಳಿಗೆ ಮೂರು ಯೂನಿಟ್ಟಿನ ಆಸುಪಾಸು. ಇನ್ವರ್ಟರ್ ಇರುವ ಮನೆಯಲ್ಲಿ ಈ ದೀಪವನ್ನು ಇನ್ವರ್ಟರ್ ಸಾಲಿಗೆ ಹಾಕಿಸಿ. ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗಲೇ ಕರೆಂಟು ಹೋದರೆ ಅದರ ಬೆಲೆ ತಿಳಿಯುತ್ತದೆ.

ದೀಪ ಮಿಣುಕುತ್ತಿದೆಯೇ?

50 ಹರ್ಟ್ಸ್ ವಿದ್ಯುತ್ತಿನಲ್ಲಿ ಕಳಪೆ ಡ್ರೈವರಿನ ದೀಪ ಸೆಕೆಂಡಿಗೆ 100 ಬಾರಿ ಮಿಣುಕಬಹುದು. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ಉಂಟಾಗುತ್ತದೆ. ಮೊಬೈಲ್ ಕ್ಯಾಮೆರಾವನ್ನು ದೀಪದತ್ತ ಹಿಡಿಯಿರಿ. ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡುತ್ತಿದ್ದರೆ ದೀಪ ಜೋರಾಗಿ ಮಿಣುಕುತ್ತಿದೆ ಎಂದರ್ಥ. ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ ಕೊಳ್ಳಬಹುದು. ಡಿಮ್ಮರ್ ಇದ್ದರೆ ಬೆಳಕು ತಗ್ಗಿಸಿಯೂ ನೋಡಿ.

ನಂತರದ ಆರೈಕೆ ಸರಳ. ಹದಿನೈದು ದಿನಕ್ಕೊಮ್ಮೆ ಸ್ವಿಚ್ ಆರಿಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಮುಚ್ಚಳ ಒರೆಸಿ. ಎಣ್ಣೆ ಜಿಡ್ಡಿನ ಮೇಲೆ ದೂಳು ಕೂತರೆ ಬೆಳಕು ನಿಧಾನವಾಗಿ ಕುಗ್ಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಬೇಕೇ ಎನಿಸಿದರೆ ಇಂದು ಸಂಜೆಯೇ ಒಂದು ಪ್ರಯೋಗ ಮಾಡಿ. ಮನೆಯಲ್ಲಿರುವ ಮೇಜಿನ ದೀಪವನ್ನೋ ಟಾರ್ಚನ್ನೋ ನೀರು ತಾಗದಂತೆ ಕಪಾಟಿನ ಮುಂಚಾಚಿನ ಕೆಳಗೆ ಇಟ್ಟು, ಒಂದು ಸೇರು ಅಕ್ಕಿಯನ್ನು ಮೊರದಲ್ಲಿ ಹರಡಿ ಆರಿಸಿ. ಆಮೇಲೆ ಆ ದೀಪ ಆರಿಸಿ, ಚಾವಣಿಯ ದೀಪದಲ್ಲಿ ಇನ್ನೊಂದು ಸೇರು ನೋಡಿ. ನಿಮ್ಮ ಅಡುಗೆಮನೆಗೆ ಈ ದೀಪ ಬೇಕೋ ಬೇಡವೋ ಎಂಬುದನ್ನು ಮೊರದಲ್ಲಿ ಸಿಕ್ಕ ಕಲ್ಲುಗಳೇ ಹೇಳುತ್ತವೆ.